ಮಳೆ ನಿಂತ ಮೇಲಿನ ಕೆಸರು: ಒಂದು ಸೈಕ್ಲೋಕ್ರಾಸ್ ರೇಸ್‌ನ ಪ್ರಕರಣ

ಸೈಕ್ಲೋಕ್ರಾಸ್‌ಗೆ, ಅಂದರೆ ಹುಲ್ಲು-ಮಣ್ಣಿನ ದಾರಿಯ ಸೈಕಲ್ ರೇಸಿಗೆ, ಹೊಸದಾಗಿ ಬಂದವರು ಮಳೆ ಅಂದರೆ ಹೆದರುತ್ತಾರೆ. ನಿಜ ಹೇಳಬೇಕೆಂದರೆ, ಮಳೆ ಸುರಿಯುವಷ್ಟು ಹೊತ್ತು ಸೈಕಲ್‌ಗೆ ದೊಡ್ಡ ಕಷ್ಟವೇನೂ ಇಲ್ಲ. ನೀರು ಜಾಸ್ತಿ ಇದ್ದರೆ ಕೆಸರು ತೆಳ್ಳಗಿರುತ್ತದೆ. ಚಕ್ರಕ್ಕೆ ಹತ್ತಿದ್ದು ಅಲ್ಲೇ ಜಾರಿ ಬಿದ್ದುಹೋಗುತ್ತದೆ. ಮಳೆ ನಿಂತು, ಗಾಳಿ ಬೀಸಿ, ಅದೇ ಕೆಸರು ಬಿಗಿಯಾಗಲು ಶುರುವಾದಾಗ ಸೈಕಲ್ ಕೈಕೊಡುತ್ತದೆ.

ಈ ಪ್ರಕರಣ ಅಂಥದ್ದು. ರೇಸ್ ಓಡಿಸಿದಾಕೆ ಹವ್ಯಾಸಿ, ಆದರೆ ಗಟ್ಟಿಗಿತ್ತಿ. ಒಣ ನೆಲದಲ್ಲಿ ಮೊದಲ ಐವರೊಳಗೆ ಬರುವವಳು. ಪಿಟ್‌ನಲ್ಲಿ, ಅಂದರೆ ಸೈಕಲ್ ಬದಲಾಯಿಸುವ ಜಾಗದಲ್ಲಿ, ಆಕೆಯ ಸಹಾಯಕ್ಕೆ ತಮ್ಮ ನಿಂತಿದ್ದ. ನಾನು ಪಕ್ಕದ ಜಾಗದಲ್ಲಿ ಬೇರೊಬ್ಬ ಸವಾರರ ಸೈಕಲ್ ತೊಳೆಯುತ್ತಿದ್ದೆ. ಹಾಗಾಗಿ ಮುಕ್ಕಾಲು ಪಾಲು ಕಣ್ಣೆದುರೇ ನಡೆಯಿತು. ಉಳಿದದ್ದನ್ನು ರೇಸ್ ಮುಗಿದ ಮೇಲೆ ಅಕ್ಕ-ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಕೇಳಿ ತಿಳಿದೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ರೇಸು, ಪಿಟ್ಟು, ಎರಡು ಸೈಕಲ್

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹುಲ್ಲು, ಮಣ್ಣು, ಮರಳು, ಕಡಿದಾದ ಏರು ಎಲ್ಲ ಇರುವ ಒಂದು ಚಿಕ್ಕ ದಾರಿಯನ್ನು ಇಷ್ಟು ಹೊತ್ತು ಅಂತ ಸುತ್ತುವುದು ಸೈಕ್ಲೋಕ್ರಾಸ್. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಇದಕ್ಕೆ ನಿಯಮ ಮಾಡಿದೆ. ಒಂದು ಸುತ್ತು 2.5ರಿಂದ 3.5 ಕಿಲೋಮೀಟರ್ ಇರಬೇಕು. ದಾರಿ ಎಲ್ಲೂ 3 ಮೀಟರ್‌ಗಿಂತ ಕಿರಿದಾಗಬಾರದು. ಟೈರು 33 ಮಿಲಿಮೀಟರ್‌ಗಿಂತ ಅಗಲ ಇರಬಾರದು. ಹಾರಿ ದಾಟುವ ಅಡ್ಡ ಹಲಗೆಗಳ ಎತ್ತರ 40 ಸೆಂಟಿಮೀಟರ್ ಮೀರಬಾರದು. ದಾರಿಯ ಶೇಕಡ 90 ಭಾಗದಲ್ಲಿ ಸೈಕಲ್ ತುಳಿದುಕೊಂಡೇ ಹೋಗುವಂತಿರಬೇಕು ಅಂತಲೂ ಒಂದು ನಿಯಮ ಇದೆ. ಅದನ್ನು ಕೆಸರಿಗೆ ಓದಿ ಹೇಳಿದವರು ಯಾರೂ ಇದ್ದಂತಿಲ್ಲ.

ಪಿಟ್ ಅಂದರೆ ದಾರಿಗೆ ಅಂಟಿಕೊಂಡ ಬೇರೆ ಓಣಿ. ಸೈಕಲ್ ಬದಲಾಯಿಸುವುದು, ಬೇರೆಯವರ ಕೈಯಿಂದ ರಿಪೇರಿ ಮಾಡಿಸಿಕೊಳ್ಳುವುದು ಅಲ್ಲಿ ಮಾತ್ರ. ಪಿಟ್ ದಾಟಿ ಮುಂದೆ ಹೋದಿರೋ, ಹಿಂದೆ ಬರುವಂತಿಲ್ಲ. ಮುಂದಿನ ಪಿಟ್‌ವರೆಗೂ ಹೋಗಲೇಬೇಕು, ಸೈಕಲ್ ಮುರಿದಿದ್ದರೂ ಸರಿ. ಅವತ್ತಿನ ದಾರಿ ಒಂದೇ ಪಿಟ್‌ನ ಎರಡೂ ಬದಿಯಿಂದ ಹಾದುಹೋಗುತ್ತಿತ್ತು. ಅಂದರೆ ಪ್ರತಿ ಸುತ್ತಿಗೆ ಎರಡು ಅವಕಾಶ.

ಆಕೆಯ ಹತ್ತಿರ ಎರಡು ಸೈಕಲ್ ಇತ್ತು. ಮುಖ್ಯದ್ದಕ್ಕೆ ಡಿಸ್ಕ್ ಬ್ರೇಕು, ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಹತ್ತಿರದ ಹಲ್ಲುಚಕ್ರ), ದೂರದೂರಕ್ಕೆ ಎತ್ತರದ ಗುಬುಟುಗಳಿರುವ ಕೆಸರಿನ ಟೈರು. ಎರಡನೆಯದು ಹಳೆಯದು. ರಿಮ್ಮನ್ನು ಒತ್ತಿ ಹಿಡಿಯುವ ಕ್ಯಾಂಟಿಲಿವರ್ ಬ್ರೇಕು, ಮುಂದೆ ಎರಡು ಚೈನ್‌ರಿಂಗ್, ಟೈರಿನ ಗುಬುಟು ಸಣ್ಣದು. ಕ್ಯಾಂಟಿಲಿವರ್ ಅಂದ ತಕ್ಷಣ ಮೂಗು ಮುರಿಯಬೇಕಿಲ್ಲ. 2010ರಲ್ಲಿ ಯುಸಿಐ ಡಿಸ್ಕ್ ಬ್ರೇಕಿಗೆ ಒಪ್ಪಿಗೆ ಕೊಡುವವರೆಗೂ ದೊಡ್ಡ ದೊಡ್ಡವರೆಲ್ಲ ಕೆಸರಿನಲ್ಲಿ ಅದನ್ನೇ ನಂಬಿದ್ದರು. ತೊಂದರೆ ಬ್ರೇಕಿನದಲ್ಲ. ಎರಡು ಸೈಕಲ್‌ಗಳ ಕೈಬಳಕೆ ಬೇರೆ ಬೇರೆ. ಹಳೆಯದರ ಮೇಲೆ ಕೂತರೆ ಆಕೆಗೆ ತಿರುವಿನಲ್ಲಿ ಧೈರ್ಯ ಬರುತ್ತಿರಲಿಲ್ಲ. ಅದು ತುರ್ತಿಗೆ ಇರಲಿ ಅಂತ ಇಟ್ಟುಕೊಂಡ ಸೈಕಲ್. ಮುಂದೆ ಆದ ತಪ್ಪಿಗೆ ಅರ್ಧ ಕಾರಣ ಇದೇ ಅಂತ ನನ್ನ ಅಂದಾಜು.

ನಡೆದದ್ದು

45 ನಿಮಿಷದ ರೇಸು. ಶುರುವಾಗುವಾಗ ಜೋರು ಮಳೆ. ದಾರಿಯ ಮೇಲ್ಭಾಗ ಹುಲ್ಲುಗಾವಲು. ಅಲ್ಲಿಂದ ಪಕ್ಕಕ್ಕೆ ವಾಲಿದ ಇಳಿಜಾರು, ಕೆಳಗೆ ನೀರು ನಿಲ್ಲುವ ಉದ್ದನೆಯ ತಗ್ಗು, ಅದರ ಕೊನೆಗೆ ಸೈಕಲ್ ಹೊತ್ತು ಹತ್ತಬೇಕಾದ ಏರು. ನೆಲ ಜೇಡಿಮಣ್ಣಿನದು.

ಮೊದಲ ಎರಡು ಸುತ್ತು ಆಕೆ ಚೆನ್ನಾಗಿ ಓಡಿಸಿದಳು. ತಗ್ಗಿನಲ್ಲಿ ಕೆಸರು ಆಳವಿದ್ದರೂ ನೀರಾಗಿತ್ತು, ಚಕ್ರ ತಳದ ಗಟ್ಟಿ ನೆಲವನ್ನು ಮುಟ್ಟುತ್ತಿತ್ತು. ತುಳಿದುಕೊಂಡೇ ದಾಟಬಹುದಿತ್ತು. ಎರಡನೇ ಸುತ್ತಿನ ಕೊನೆಗೆ ಆರನೇ ಜಾಗದಲ್ಲಿದ್ದಳು. ಸೈಕಲ್ ನೋಡಿದರೆ ಕಂದು ಬಣ್ಣ ಬಳಿದ ಹಾಗಿತ್ತೇ ಹೊರತು ಎಲ್ಲೂ ಮಣ್ಣು ಕೂತಿರಲಿಲ್ಲ.

ಅಷ್ಟು ಹೊತ್ತಿಗೆ ಮಳೆ ನಿಂತಿತು. ನೋಡುತ್ತಿದ್ದವರೆಲ್ಲ ಕೊಡೆ ಮಡಚಿ ಸಮಾಧಾನಪಟ್ಟರು. ಪಿಟ್‌ನಲ್ಲಿ ಹಳಬರು ಮಾತ್ರ ಬಕೆಟ್ ತುಂಬಿಸಿಕೊಂಡು ಬರಲು ಓಡಿದರು.

ಮೂರನೇ ಸುತ್ತು. ಪಿಟ್‌ನ ಮೊದಲ ಬದಿಗೆ ಆಕೆ ಬಂದಾಗ ತಮ್ಮ ಕೂಗಿದ: "ಅಕ್ಕಾ, ಬದಲಾಯಿಸು!"

"ಬೇಡ ಬಿಡೋ, ಚೆನ್ನಾಗೇ ಓಡ್ತಿದೆ!"

ಓಡುತ್ತಿತ್ತು, ಸುಳ್ಳಲ್ಲ. ಆದರೆ ಚೈನಿನ ಸದ್ದು ಬದಲಾಗಿತ್ತು. ಮೊದಲು ಬರೀ ನೀರಿನ ಚರಚರ. ಈಗ ಪ್ರತಿ ತುಳಿತಕ್ಕೂ ಒಂದು ಕರ್ ಎನ್ನುವ ಸದ್ದು, ನಡುನಡುವೆ ಹಲ್ಲು ಹಾರಿದ ಟಕ್. ಐದಾರು ಅಡಿ ದೂರ ನಿಂತ ನನಗೆ ಕೇಳಿಸಿತು. ಮೈಯೆಲ್ಲ ಕಾದು, ಎದೆ ಹೊಡೆದುಕೊಳ್ಳುತ್ತಿರುವವರಿಗೆ ಅದು ಕೇಳಿಸುವುದಿಲ್ಲ. ಸವಾರರಿಗಿಂತ ಮೊದಲು ಪಿಟ್‌ನಲ್ಲಿ ನಿಂತವರಿಗೆ ಗೊತ್ತಾಗುವ ವಿಷಯ ಇದು.

ತಗ್ಗಿನಲ್ಲಿ ಈ ಸಲ ತುಳಿಯಲು ಆಗಲಿಲ್ಲ. ಇಳಿದು ತಳ್ಳಿದಳು. ತಳ್ಳಿಕೊಂಡೇ ಒಬ್ಬಳನ್ನು ಹಿಂದೆ ಹಾಕಿದಳು ಕೂಡ. ಪಿಟ್‌ನ ಎರಡನೇ ಬದಿಗೆ ಬಂದಾಗ ಐದನೇ ಜಾಗ. ಫ್ರೇಮಿನ ಹಿಂಭಾಗದ ಎರಡು ಕೊಳವೆಗಳ ನಡುವೆ ಟೈರು ಕಾಣಿಸದಷ್ಟು ಮಣ್ಣು. ತಮ್ಮ ಮತ್ತೆ ಕೂಗಿದ. ಆಕೆ ಒಂದು ಕ್ಷಣ ನಿಧಾನಿಸಿದಳು, ಮುಂದೆ ಇದ್ದವಳ ಬೆನ್ನು ಹತ್ತಿರವೇ ಕಂಡಿತು, ಹಾಗೇ ಹೋಗಿಬಿಟ್ಟಳು.

ಮುಂದಿನ ಏರು ತಿರುವಿನಲ್ಲಿ ಎದ್ದುನಿಂತು ತುಳಿದಾಗ ಗೇರು ಬದಲಾಯಿಸುವ ಹಿಂದಿನ ಡಿರೇಲರ್ ಕಿತ್ತು ಚಕ್ರದ ಕಡ್ಡಿಗಳೊಳಗೆ ನುಗ್ಗಿತು.

ಅಲ್ಲಿಂದ ಪಿಟ್‌ಗೆ ಹೆಚ್ಚೂಕಡಿಮೆ ಅರ್ಧ ಸುತ್ತು. ಹಿಂದಿನ ಚಕ್ರ ತಿರುಗುತ್ತಿರಲಿಲ್ಲ. ಇಡೀ ದಾರಿ ಹೊತ್ತುಕೊಂಡೇ ಬಂದಳು. ಹಳೆ ಸೈಕಲ್ ಹತ್ತಿ ಕೊನೆಯ ಸುತ್ತು ಮುಗಿಸುವ ಹೊತ್ತಿಗೆ ಹಿಂದೆ ಉಳಿದದ್ದು ಇಬ್ಬರು. ನಡುವೆ ಬಿಡಲಿಲ್ಲ ಅನ್ನುವುದು ದೊಡ್ಡ ಮಾತು, ಹವ್ಯಾಸಿ ರೇಸುಗಳಲ್ಲಿ ಇಂಥ ಹೊತ್ತಿಗೆ ಬಹಳ ಜನ ಸುಮ್ನೆ ಕಾರಿನ ಕಡೆ ನಡೆದುಬಿಡುತ್ತಾರೆ.

ಮುರಿದ ತುಂಡನ್ನು ನೋಡಿದಾಗ

ರೇಸ್ ಮುಗಿದ ಮೇಲೆ ಆ ಸೈಕಲ್‌ನ ಮಣ್ಣು ಬಿಡಿಸಿದ್ದು ನಾನೇ. ಡಿರೇಲರ್‌ನಲ್ಲಿ ಎರಡು ಚಿಕ್ಕ ಹಲ್ಲಿನ ಗಾಲಿಗಳಿರುತ್ತವಲ್ಲ, ಜಾಕಿ ವೀಲ್ ಅಂತೀವಿ, ಅದರಲ್ಲಿ ಕೆಳಗಿನದು ಕಾಣಿಸುತ್ತಲೇ ಇರಲಿಲ್ಲ. ಬೆರಳು ಹಾಕಿ ಎಳೆದರೆ ಬರೀ ಮಣ್ಣು ಬರಲಿಲ್ಲ. ಉದ್ದುದ್ದ ಹುಲ್ಲಿನ ಎಸಳು ಜೇಡಿಯೊಂದಿಗೆ ಸೇರಿ ಹೊಸೆದ ಹಗ್ಗದ ಹಾಗೆ ಗಾಲಿಗೆ ಬಿಗಿದುಕೊಂಡಿತ್ತು. ಕೈಯಲ್ಲಿ ಕೀಳಲು ಆಗದೆ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಬೇಕಾಯಿತು. ಹಿಂಚಕ್ರದ ಹಲ್ಲುಚಕ್ರಗಳ ಜೋಡಣೆಗೆ ಕ್ಯಾಸೆಟ್ ಅಂತಾರೆ, ಅದರ ಸಣ್ಣ ಹಲ್ಲುಚಕ್ರಗಳ ನಡುವಿನ ಸಂದು ಪೂರ್ತಿ ಮುಚ್ಚಿತ್ತು.

ಇಷ್ಟಾದ ಮೇಲೆ ಏನಾಗುತ್ತದೆ ಅನ್ನುವುದು ಸರಳ. ಜಾಕಿ ವೀಲ್ ತಿರುಗುವುದಿಲ್ಲ, ಚೈನು ಅದರ ಮೂಲಕ ಹರಿಯುವುದಿಲ್ಲ. ಸವಾರರು ಮೇಲಿಂದ ಜೋರಾಗಿ ತುಳಿಯುತ್ತಾರೆ. ಆ ಬಲವೆಲ್ಲ ಸಿಕ್ಕಿಕೊಂಡ ಚೈನಿನ ಮೂಲಕ ಡಿರೇಲರನ್ನೇ ಹಿಂದಕ್ಕೂ ಮೇಲಕ್ಕೂ ಎಳೆಯುತ್ತದೆ. ಡಿರೇಲರನ್ನು ಫ್ರೇಮಿಗೆ ಹಿಡಿದಿರುವುದು ಹ್ಯಾಂಗರ್ ಎಂಬ ಪುಟ್ಟ ಅಲ್ಯುಮಿನಿಯಂ ತುಂಡು. ಬೇಕಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಫ್ರೇಮ್ ಮುರಿಯುವ ಬದಲು ಅದು ಬಾಗಲಿ, ಮುರಿಯಲಿ ಅಂತ. ಅದು ತನ್ನ ಕೆಲಸ ಮಾಡಿತು. ಹಾಗಾಗಿ "ಹ್ಯಾಂಗರ್ ಕಳಪೆ" ಅಂತ ಅಲ್ಲಿ ಒಬ್ಬರು ತೀರ್ಪು ಕೊಟ್ಟದ್ದನ್ನು ನಾನು ಒಪ್ಪುವುದಿಲ್ಲ.

ಹುಲ್ಲಿನ ಪಾತ್ರ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಬರೀ ಜೇಡಿಮಣ್ಣು ಒಂದಷ್ಟು ಉದುರುತ್ತದೆ. ಹುಲ್ಲಿನ ನಾರು ಅದರಲ್ಲಿ ಸೇರಿದರೆ ಉದುರುವುದಿಲ್ಲ. ಮೊದಲ ಸುತ್ತುಗಳಲ್ಲಿ ಹುಲ್ಲು ಬೇರುಸಮೇತ ನೆಲದಲ್ಲೇ ಇತ್ತು. ಹಿಂದಿನ ರೇಸುಗಳದ್ದೂ ಸೇರಿ ಅಷ್ಟು ಟೈರುಗಳು ಓಡಾಡಿದ ಮೇಲೆ ಅದು ಕಿತ್ತುಬಂದು ಕೆಸರಿನಲ್ಲಿ ಬೆರೆತಿತ್ತು. ಮಳೆ ನಿಂತದ್ದೂ ಹುಲ್ಲು ಬಿಡಿಯಾದದ್ದೂ ಒಂದೇ ಹೊತ್ತಿಗೆ ಕೂಡಿಬಂತು.

ತಳ್ಳಿದ್ದೇ ತಪ್ಪಾ?

ತಮ್ಮನ ಪ್ರಕಾರ ತಪ್ಪು ಆಗಿದ್ದು ಪಿಟ್‌ನಲ್ಲಿ, ಎರಡು ಸಲ ಬೇಡ ಅಂದದ್ದು. ಅದು ಕಣ್ಣಿಗೆ ಕಾಣುವ ತಪ್ಪು. ನನ್ನ ಪ್ರಕಾರ ಅದಕ್ಕೂ ಮುಂಚೆ, ತಗ್ಗಿನಲ್ಲಿ, ಒಂದು ಆಗಿಹೋಗಿತ್ತು.

ಅಂಟು ಕೆಸರಿನಲ್ಲಿ ಸೈಕಲನ್ನು ತಳ್ಳಿದಷ್ಟೂ ಚಕ್ರ ಉರುಳುತ್ತದೆ. ಉರುಳಿದಷ್ಟೂ ಹೊಸ ಮಣ್ಣು ಮೆತ್ತಿಕೊಳ್ಳುತ್ತದೆ. ತುಳಿಯುವಾಗ ವೇಗ ಇರುವುದರಿಂದ ಟೈರಿನ ಮಣ್ಣು ಒಂದಷ್ಟಾದರೂ ಸಿಡಿದು ಹೋಗುತ್ತದೆ. ತಳ್ಳುವ ನಡಿಗೆಯಲ್ಲಿ ಅದೂ ಇಲ್ಲ. ಮೆತ್ತಿದ್ದೆಲ್ಲ ಫೋರ್ಕಿನ ಸಂದಿನಲ್ಲಿ, ಹಿಂದಿನ ಕೊಳವೆಗಳ ನಡುವೆ, ಚೈನ್‌ರಿಂಗ್ ಹಿಂದೆ ಶೇಖರವಾಗುತ್ತದೆ. ಎಂಟು ಕಿಲೋ ಆಸುಪಾಸಿನ ಸೈಕಲ್ ನೋಡನೋಡುತ್ತ ಎತ್ತಲಾರದ ಭಾರ ಆಗುತ್ತದೆ. ಆಮೇಲೆ ಏರು ಬಂತು ಅಂತ ಹೊರಲು ಹೋದರೆ ಆ ಮಣ್ಣನ್ನೂ ಹೊರಬೇಕು.

ಹೊರುವುದಾದರೆ ತಗ್ಗಿನ ಶುರುವಿನಲ್ಲೇ ಹೆಗಲಿಗೆ ಹಾಕಿಕೊಳ್ಳಬೇಕು. ಎಡಗಡೆಯಿಂದ ಇಳಿದು, ಬಲಗೈಯಲ್ಲಿ ಕೆಳಗಿನ ಕೊಳವೆ ಹಿಡಿದು ಎತ್ತಿ, ಬಲ ಹೆಗಲಿಗೆ ಏರಿಸಿ, ಅದೇ ಕೈಯನ್ನು ಕೊಳವೆಯ ಕೆಳಗಿನಿಂದ ತಂದು ಹ್ಯಾಂಡಲಿನ ಎಡ ಕೊಂಬು ಹಿಡಿದರೆ ಸೈಕಲ್ ಅಲುಗದೆ ಕೂರುತ್ತದೆ. ಎಡಗೈ ಬೀಸಿ ಓಡಲು ಖಾಲಿ. ಚೈನು ಹೊರಬದಿಗೆ ಇರುತ್ತದೆ, ಬೆನ್ನಿಗೆ ತಾಗುವುದಿಲ್ಲ. ನೀರಿನ ಬಾಟಲಿಯ ಸ್ಟ್ಯಾಂಡ್ ಬಿಚ್ಚಿಡುವುದು ಇದಕ್ಕಾಗಿಯೇ, ಇಲ್ಲದಿದ್ದರೆ ಹೆಗಲಿಗೆ ಚುಚ್ಚುತ್ತದೆ.

ಇದು ಆಕೆಗೆ ಗೊತ್ತಿಲ್ಲ ಅಂತಲ್ಲ. ಏರಿನಲ್ಲಿ ಅಚ್ಚುಕಟ್ಟಾಗಿ ಹೊತ್ತಳು. ಸಮತಟ್ಟು ನೆಲದಲ್ಲಿ ಹೊರುವುದು ಮನಸ್ಸಿಗೆ ಬರಲಿಲ್ಲ, ಅಷ್ಟೇ. ಚಕ್ರ ಇರುವಾಗ ಯಾಕೆ ಹೊರಬೇಕು ಅನ್ನಿಸುತ್ತದೆ. ಹಿಂದೆ ಬಿದ್ದವಳು ಆಗಲೇ ಹೊತ್ತು ಓಡುತ್ತಿದ್ದಳು. ಅಲ್ಲಿ ಸೆಕೆಂಡು ಕಳೆದುಕೊಂಡವಳು ಅವಳೇ. ಆದರೆ ಅವಳ ಸೈಕಲ್ ಕೊನೆಯವರೆಗೂ ಓಡಿತು.

ವಾಲ್ಕನ್‌ಬರ್ಗ್ 2018

ಇದೇ ಪಾಠ ಅತಿ ದೊಡ್ಡ ಮಟ್ಟದಲ್ಲಿ ನಡೆದದ್ದು ನೋಡಬೇಕಾದರೆ 2018ರ ಫೆಬ್ರವರಿಯ ವಿಶ್ವ ಚಾಂಪಿಯನ್‌ಶಿಪ್ ನೋಡಬೇಕು. ನೆದರ್ಲೆಂಡ್ಸ್‌ನ ದಕ್ಷಿಣ ಲಿಂಬರ್ಗ್‌ನಲ್ಲಿರುವ ವಾಲ್ಕನ್‌ಬರ್ಗ್‌ನಲ್ಲಿ ಅದು ನಡೆಯಿತು. ಆ ಪ್ರದೇಶ ಗುಡ್ಡಗಾಡು, ಮಣ್ಣು ಲೋಯೆಸ್. ಅಂದರೆ ಹಿಂದೆ ಯಾವ ಕಾಲದಲ್ಲೋ ಗಾಳಿ ಹೊತ್ತು ತಂದು ಹಾಸಿದ ನುಣುಪಾದ ಮಣ್ಣು. ಒದ್ದೆಯಾದರೆ ಕಾಲು ಕಿತ್ತಿಡುವುದೇ ಕಷ್ಟ. ಸೈಕಲ್ ರೇಸಿನಲ್ಲಿ ವಿಶ್ವದ ಅತ್ಯುತ್ತಮರು ಉದ್ದುದ್ದ ದೂರ ಕಾಲ್ನಡಿಗೆಯಲ್ಲಿ ಒದ್ದಾಡಿದರು.

ಆ ಋತುವಿನ ಬಹುಪಾಲು ರೇಸುಗಳನ್ನು ಗೆದ್ದು ಬಂದಿದ್ದವರು ನೆದರ್ಲೆಂಡ್ಸ್‌ನವರೇ ಆದ ಮ್ಯಾಥ್ಯೂ ವಾನ್ ಡರ್ ಪೂಲ್. ಎಲ್ಲರ ಲೆಕ್ಕದಲ್ಲೂ ಅವರದೇ ಗೆಲುವು. ಗೆದ್ದದ್ದು ಬೆಲ್ಜಿಯಂನ ವೌಟ್ ವಾನ್ ಆರ್ಟ್, ಅದೂ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರದಿಂದ. ಅದು ಅವರ ಸತತ ಮೂರನೇ ಪಟ್ಟ. ಎರಡನೆಯವರಾಗಿ ಮೈಕೆಲ್ ವಾಂಟೌರನ್‌ಹೌಟ್ ಬಂದರು, ವಾನ್ ಡರ್ ಪೂಲ್‌ಗೆ ಸಿಕ್ಕಿದ್ದು ಮೂರನೇ ಜಾಗ. ಇಡೀ ವರ್ಷದ ಫಾರ್ಮು ಒಂದೇ ಮಧ್ಯಾಹ್ನದ ಕೆಸರಿನಲ್ಲಿ ಹೂತುಹೋಯಿತು ಅಂತ ಆಗ ಮಾತಾಡಿಕೊಂಡರು. ನನಗೆ ಹಾಗೆ ಅನ್ನಿಸುವುದಿಲ್ಲ. ಅಷ್ಟು ಭಾರದ ಕೆಸರಿನಲ್ಲಿ ಅದು ಬೇರೆಯದೇ ಆಟ. ವೇಗವಾಗಿ ತುಳಿಯುವವರಿಗಿಂತ ಭಾರ ಹೊತ್ತು ಒಂದೇ ಸಮನೆ ಹೆಜ್ಜೆ ಹಾಕುವವರ ಆಟ. ಜೊತೆಗೆ ಪಿಟ್‌ನವರ ಆಟ. ಆ ಮಟ್ಟದಲ್ಲಿ ಇಂಥ ದಿನ ಅರ್ಧ ಸುತ್ತಿಗೊಮ್ಮೆ ಸೈಕಲ್ ಬದಲಾಯಿಸುವುದು ಮಾಮೂಲು. ಒಂದು ಓಡುತ್ತಿರುವಾಗ ಇನ್ನೊಂದು ಪ್ರೆಶರ್ ವಾಷರ್ ಕೆಳಗಿರುತ್ತದೆ.

ಪಿಟ್‌ನಲ್ಲಿ ಬದಲಾದದ್ದು

ಈ ರೇಸ್ ಆದ ಮೇಲೆ ಅಕ್ಕ-ತಮ್ಮ ಒಂದು ಒಪ್ಪಂದಕ್ಕೆ ಬಂದರು. ಕೆಸರಿನ ದಿನ ಸೈಕಲ್ ಬದಲಾಯಿಸುವ ತೀರ್ಮಾನ ತಮ್ಮನದು. ಅವನು ಕೈ ಎತ್ತಿದರೆ ಆಕೆ ಮಾತಾಡದೆ ಒಳಗೆ ಬರಬೇಕು. ಸದ್ದು ಕೇಳುವುದು, ಮಣ್ಣು ನೋಡುವುದು ಅವನಿಗೆ ಸುಲಭ. ಜಾಗ ಕಳೆದುಕೊಳ್ಳುವ ಸಂಕಟವೂ ಅವನಿಗಿಲ್ಲ. ಇಡೀ ಪ್ರಕರಣದಲ್ಲಿ ಅತಿ ಉಪಯೋಗದ ಬದಲಾವಣೆ ಇದೇ ಅಂತ ನನಗನ್ನಿಸುತ್ತದೆ, ಇದಕ್ಕೆ ಖರ್ಚೂ ಇಲ್ಲ.

ಎರಡನೆಯದು ತೊಳೆಯುವ ಕ್ರಮ. ಅವತ್ತು ತಮ್ಮ ಹಳೆ ಸೈಕಲನ್ನು ಫಳಫಳ ಹೊಳೆಯುವ ಹಾಗೆ ಒರೆಸಿ ನಿಲ್ಲಿಸಿದ್ದ. ಫ್ರೇಮ್ ಹೊಳೆದರೆ ಏನು ಬಂತು? ಹೊತ್ತು ಕಡಿಮೆ ಇರುವಾಗ ಮೊದಲು ಜಾಕಿ ವೀಲ್, ಆಮೇಲೆ ಕ್ಯಾಸೆಟ್ ಮತ್ತು ಚೈನು, ಆಮೇಲೆ ಪೆಡಲಿನ ಕ್ಲಿಪ್ಪು, ಆಮೇಲೆ ಟೈರು ಉಜ್ಜುವ ಸಂದುಗಳು. ಫ್ರೇಮು ಹಾಗೇ ಇರಲಿ. ವಾಷರ್‌ಗೆ ಸಾಲು ಇದ್ದರೆ ಕಾಯಬಾರದು, ಒಂದು ಬಕೆಟ್ ನೀರು, ಗಟ್ಟಿ ಬ್ರಷ್ಷು, ಹುಲ್ಲು ಕೀಳಲು ಒಂದು ಸ್ಕ್ರೂಡ್ರೈವರ್ ಸಾಕು. ವಾಷರ್ ಸಿಕ್ಕರೂ ಅದರ ಧಾರೆಯನ್ನು ಚಕ್ರದ ನಡುವಿನ ಬೇರಿಂಗ್‌ಗೆ ನೇರ ಹಿಡಿಯಬಾರದು, ಗ್ರೀಸ್ ತೊಳೆದುಹೋಗುತ್ತದೆ. ಚೈನಿಗೆ ಒಂದಿಷ್ಟು ಎಣ್ಣೆ, ಪಿಟ್‌ನಿಂದ ಹೊರಗೆ ಏರು ಇದ್ದರೆ ಹಗುರ ಗೇರಿಗೆ ಹಾಕಿ ಹಿಡಿದು ನಿಲ್ಲುವುದು. ಸವಾರರು ಬಂದು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದು ಓಡುತ್ತ ಹತ್ತುತ್ತಾರೆ, ಗೇರು ಭಾರ ಇದ್ದರೆ ಅಲ್ಲೇ ಮುಗ್ಗರಿಸುತ್ತಾರೆ.

ಮೂರನೆಯದು ಹಳೆ ಸೈಕಲ್. ಅದರ ಮುಂದಿನ ಡಿರೇಲರ್ ತೆಗೆದು ಒಂದೇ ಚೈನ್‌ರಿಂಗ್ ಹಾಕಿಸಿದರು. ಮುಂದಿನ ಡಿರೇಲರ್ ಇರುವ ಜಾಗ ಕೆಸರಿಗೆ ಬಹಳ ಇಷ್ಟ, ಹಿಂಚಕ್ರ ಎರಚಿದ್ದೆಲ್ಲ ಅಲ್ಲೇ ಬಂದು ಕೂರುತ್ತದೆ. ಟೈರನ್ನೂ ಮುಖ್ಯ ಸೈಕಲ್‌ನದ್ದೇ ಹಾಕಿಸಿದರು, ಸೀಟಿನ ಎತ್ತರ ಮಿಲಿಮೀಟರ್ ಲೆಕ್ಕದಲ್ಲಿ ಸಮ ಮಾಡಿದರು. ಈಗ ಎರಡೂ ಒಂದೇ ಥರ ತಿರುಗುತ್ತವೆ. ತುರ್ತಿನ ಸೈಕಲ್ ಅನ್ನುವ ಮಾತು ಹೋಯಿತು.

ಟೈರಿನ ಗಾಳಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಆದ್ದರಿಂದ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ಗಾಳಿಯದು ದೊಡ್ಡ ಪಾತ್ರವಲ್ಲ. ಆಕೆ ಇಟ್ಟಿದ್ದು 22 ಪಿಎಸ್‌ಐ ಆಸುಪಾಸು, ಆ ವಾಲಿದ ಇಳಿಜಾರಿಗೆ ಸರಿಯಾಗಿತ್ತು. ರಿಮ್ಮಿಗೆ ಅಂಟಿಸುವ ಟ್ಯೂಬುಲರ್ ಟೈರು ಹಾಕಿದವರು ಇನ್ನೂ ಇಳಿಸಬಹುದು. ರಿಮ್ಮು ಕಲ್ಲಿಗೆ ತಾಗದಷ್ಟು ಗಾಳಿ ಇದ್ದರೆ ಆಯಿತು.

ಒಂದೇ ಸೈಕಲ್ ಇರುವವರಿಗೆ

ಹವ್ಯಾಸಿಗಳಲ್ಲಿ ಹೆಚ್ಚಿನವರ ಹತ್ತಿರ ಇರುವುದು ಒಂದೇ ಸೈಕಲ್. ಅವರಿಗೆ ಪಿಟ್‌ನ ಮಾತೆಲ್ಲ ದೂರದ್ದು. ಅಂಥವರು ಇದೇ ಪರಿಸ್ಥಿತಿಯಲ್ಲಿ ಏನು ಮಾಡಬಹುದಿತ್ತು? ಹಲ್ಲು ಹಾರುವ ಟಕ್ ಸದ್ದು ಬಂದ ತಕ್ಷಣ ಜೋರು ತುಳಿಯುವುದು ಬಿಡಬೇಕು. ಪೆಡಲನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ನೋಡಿ. ಸಲೀಸಾಗಿ ಬಂದರೆ ಇನ್ನೂ ಹೊತ್ತು ಇದೆ. ಬಿಗಿ ಬಂದರೆ ಇಳಿದು, ಜಾಕಿ ವೀಲ್‌ನ ಹುಲ್ಲನ್ನು ಬೆರಳಲ್ಲಿ ಎಳೆದು ಹಾಕಿ. ಹತ್ತು ಹದಿನೈದು ಸೆಕೆಂಡು ಹೋಗುತ್ತದೆ, ಅರ್ಧ ಸುತ್ತು ಹೊರುವುದಕ್ಕಿಂತ ವಾಸಿ ಅಲ್ವಾ? ಗೇರು ಕ್ಯಾಸೆಟ್‌ನ ನಡುಭಾಗದಲ್ಲೇ ಇಟ್ಟು, ಬದಲಾಯಿಸುವುದಿದ್ದರೆ ಕೆಸರಿಗೆ ಇಳಿಯುವ ಮುಂಚೆಯೇ ಬದಲಾಯಿಸಿ. ಒತ್ತಡ ಬಿದ್ದಿರುವಾಗ ಗೇರು ಬದಲಾಯಿಸಿದರೆ ಚೈನು ಸಿಕ್ಕಿಕೊಳ್ಳಲು ಅದೊಂದು ನೆವ ಸಾಕು. ಅಂಟು ನೆಲ ಬಂದರೆ ಹೊರಿ. ಹೊರುವಾಗ ಚಕ್ರವನ್ನು ಒಂದೆರಡು ಸಲ ಅಂಗೈಯಿಂದ ತಟ್ಟಿದರೆ ಒಂದಷ್ಟು ಮಣ್ಣು ಅಲ್ಲೇ ಉದುರುತ್ತದೆ.

ಜೇಬಿನಲ್ಲಿ ಅಲ್ಲದಿದ್ದರೂ ಬ್ಯಾಗಿನಲ್ಲಿ ನಿಮ್ಮ ಫ್ರೇಮಿಗೆ ಹೊಂದುವ ಇನ್ನೊಂದು ಹ್ಯಾಂಗರ್ ಇರಲಿ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಪಕ್ಕದವರದ್ದು ನಿಮಗೆ ಆಗುವುದಿಲ್ಲ. ಬ್ರೇಕ್ ಪ್ಯಾಡನ್ನೂ ನೋಡಿಕೊಳ್ಳಿ. ಮಣ್ಣಿನಲ್ಲಿ ಮರಳು ಬೆರೆತಿದ್ದರೆ ಹೊಸ ರೆಸಿನ್ ಪ್ಯಾಡು ಒಂದೇ ರೇಸಿನಲ್ಲಿ ಸವೆದು ಲೋಹ ಕಾಣಿಸಿದ್ದಿದೆ. ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡು ಇಂಥ ದಿನ ಜಾಸ್ತಿ ಬಾಳುತ್ತದೆ.

ಅಕ್ಕ-ತಮ್ಮನ ನಡುವೆ ಒಂದು ಜಗಳ ಮಾತ್ರ ಇನ್ನೂ ಬಾಕಿ ಇದೆ. ಕೆಸರು ಕಂಡರೆ ಮೊದಲ ಸುತ್ತಿನಿಂದಲೇ ಅರ್ಧ ಸುತ್ತಿಗೊಮ್ಮೆ ಬದಲಾಯಿಸಬೇಕು ಅಂತ ತಮ್ಮ. ಮಳೆ ಸುರಿಯುವಷ್ಟು ಹೊತ್ತು ಬೇಡ ಅಂತ ಅಕ್ಕ. ಇದರಲ್ಲಿ ನಾನು ಅಕ್ಕನ ಕಡೆ. ತೆಳ್ಳನೆಯ ಕೆಸರಿನಲ್ಲಿ ಸೈಕಲ್ ತನ್ನಷ್ಟಕ್ಕೆ ತೊಳೆದುಕೊಳ್ಳುತ್ತದೆ. ಪ್ರತಿ ಬದಲಾವಣೆಗೂ ಒಂದಷ್ಟು ಸೆಕೆಂಡು ಹೋಗುತ್ತದೆ, ಶುರುವಿನ ಗುಂಪಿನಲ್ಲಿ ಅಷ್ಟರಲ್ಲೇ ನಾಲ್ಕು ಜನ ಮುಂದೆ ಹೋಗಿರುತ್ತಾರೆ. ಹನಿ ನಿಂತದ್ದು ಕಂಡ ಮೇಲೆ ತಮ್ಮ ಕೈ ಎತ್ತಲಿ.